ಮನೆ ಕಟ್ಟಲಿಲ್ಲ, ನೌಕೆ ಕಟ್ಟಿದರು

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದ ನಮ್ಮ ಹಿರಿಯರು ಹೊಲಗದ್ದೆಗಳ ನಡುವೆ ಬಾಳಿದವರು. ಕಡಲಿನ ಸಹವಾಸ ಅವರಿಗೆ ಒದಗಿದ್ದರೆ ಆ ಗಾದೆಗೆ "ಹಡಗು ಕಟ್ಟಿ ನೋಡು" ಎಂಬ ಮೂರನೆಯ ತುಂಡನ್ನೂ ಅವರು ತಪ್ಪದೆ ಸೇರಿಸುತ್ತಿದ್ದರು. ಮದುವೆಯಾದ ಹೊಸತರಲ್ಲೇ, ಮನೆ ಕಟ್ಟುವ ವಿಚಾರವನ್ನು ಬದಿಗಿರಿಸಿ, ತಮ್ಮ ಸಂಸಾರವನ್ನು ನೀರಿನ ಮೇಲೆ ಹೂಡಲು ಹೊರಟ ದಂಪತಿಗಳ ಕಥೆಯೊಂದುಂಟು. ಗಂಡ ಜಾಕ್ ಲಂಡನ್, ಅಮೆರಿಕದ ಸುಪ್ರಸಿದ್ಧ ಕಾದಂಬರಿಕಾರ. ಹೆಂಡತಿ ಚಾರ್ಮಿಯನ್. ಅವರ ನೌಕೆಯ ಹೆಸರು 'ಸ್ನಾರ್ಕ್'.

ಈ ಹೆಸರಿಗೆ ಅರ್ಥವೇನೆಂದು ಯಾರೂ ಕೇಳಬಾರದು. 'ಆಲಿಸ್' ಕಥೆಗಳನ್ನು ಬರೆದ ಲೂಯಿಸ್ ಕ್ಯಾರಲ್ 1876ರಲ್ಲಿ ಪ್ರಕಟಿಸಿದ ನಗೆಗಬ್ಬವೊಂದರಲ್ಲಿ ಸ್ನಾರ್ಕ್ ಎಂಬ, ಯಾರೂ ಕಂಡರಿಯದ ಪ್ರಾಣಿಯೊಂದನ್ನು ಹುಡುಕಿಕೊಂಡು ಒಂದು ತಂಡ ಹಡಗೇರಿ ಹೊರಡುತ್ತದೆ. ಬೇರಾವ ಹೆಸರೂ ತೋಚದೆ ಅದನ್ನೇ ಇಟ್ಟೆವೆಂದು ಜಾಕ್ ತಾನೇ ಹೇಳಿಕೊಂಡಿದ್ದಾನೆ. ಆದರೆ ಮುಂದೆ ನಡೆದುದನ್ನು ಬಲ್ಲವರಿಗೆ ಅಷ್ಟು ಸಾರ್ಥಕವಾದ ಹೆಸರು ಇನ್ನೊಂದಿಲ್ಲವೆಂದೇ ತೋರುತ್ತದೆ.

1905ರ ಬೇಸಗೆ. ಕ್ಯಾಲಿಫೋರ್ನಿಯದ ಗ್ಲೆನ್ ಎಲೆನ್ ಎಂಬ ಹಳ್ಳಿಯ ಈಜುಕೊಳದ ದಡದಲ್ಲಿ ಜಾಕ್, ಚಾರ್ಮಿಯನ್, ಆಕೆಯ ತಾಯಿಯ ಸೋದರಿಯ ಗಂಡ ರಾಸ್ಕೋ ಈಮ್ಸ್ ಬಿಸಿಲು ಕಾಯಿಸಿಕೊಳ್ಳುತ್ತಾ ಕುಳಿತಿದ್ದರು. ಮಾತು ಜೋಷುವಾ ಸ್ಲೋಕಮ್ ಎಂಬ ನಾವಿಕನ ಕಡೆ ತಿರುಗಿತು. 1895ರಿಂದ 1898ರವರೆಗೆ, ಮೂವತ್ತೇಳು ಅಡಿಯ 'ಸ್ಪ್ರೇ' ಎಂಬ ಹಾಯಿದೋಣಿಯಲ್ಲಿ ಒಬ್ಬಂಟಿಯಾಗಿ ಭೂಮಿಯನ್ನು ಸುತ್ತಿ ಬಂದ ಮೊದಲ ಮಾನವ ಆತ. ಅವನು ಒಬ್ಬನೇ ಹೋಗಿಬಂದಿರುವಾಗ, ತುಸು ದೊಡ್ಡದಾದ ದೋಣಿಯಲ್ಲಿ ಜೊತೆಗಾರರೊಡನೆ ನಾವೇಕೆ ಹೋಗಬಾರದು? ಕೊಳದ ನೀರಿನಲ್ಲಿ ಕಾಲು ಇಳಿಬಿಟ್ಟು ಕುಳಿತವರಿಗೆ ಪೆಸಿಫಿಕ್ ಮಹಾಸಾಗರವೂ ಮೊಳಕಾಲುದ್ದವಾಗಿಯೇ ಕಂಡಿರಬೇಕು.

ಮೊದಲು ಮನೆ ಕಟ್ಟಿಸಿ, ಹಣ್ಣಿನ ತೋಟ, ದ್ರಾಕ್ಷಿಯ ತೋಟ ಎಬ್ಬಿಸಿ, ನಾಲ್ಕೈದು ವರ್ಷಗಳ ಮೇಲೆ ಹೊರಡುವುದೆಂದು ತೀರ್ಮಾನವಾಗಿತ್ತು. ಆದರೆ ಆಸೆಯೆಂಬುದು ಕಾಯುವ ಜಾತಿಯದಲ್ಲ. ವಯಸ್ಸು ಯಾರಿಗಾಗಿಯೂ ನಿಲ್ಲುವುದಿಲ್ಲ. ಗಿಡಗಳು ನಾವಿಲ್ಲದಾಗಲೂ ಬೆಳೆಯುತ್ತವೆ. ಮನೆಯನ್ನು ಹಿಂದಿರುಗಿ ಬಂದ ಮೇಲೂ ಕಟ್ಟಬಹುದು ಎಂದು ಗಂಡಹೆಂಡಿರಿಬ್ಬರೂ ಒಪ್ಪಿದರು. ಅದೇ ನವೆಂಬರಿನಲ್ಲಿ ಅವರ ವಿವಾಹವಾಯಿತು. ಪ್ರವಾಸದ ಅವಧಿ ಏಳು ವರ್ಷಗಳೆಂದೂ, ನೌಕೆಯ ವೆಚ್ಚ ಏಳು ಸಾವಿರ ಡಾಲರುಗಳೆಂದೂ ಲೆಕ್ಕ ಹಾಕಿದರು. ಮನೆಯನ್ನು ಅವರು ಮುಂದೆ ಕಟ್ಟಿಸಿದುದೂ ನಿಜ. ಒಕ್ಕಲು ಹೋಗುವ ಮೊದಲೇ, 1913ರ ಆಗಸ್ಟಿನಲ್ಲಿ, ಅದು ಉರಿದು ಬರಿಯ ಕಲ್ಲುಗೋಡೆಗಳು ಉಳಿದುವು. ಅದು ಬೇರೊಂದು ಕಥೆ.

ಜಾಕ್ ಲಂಡನ್ನನನ್ನು ಕಡಲರಿಯದ ಕನಸುಗಾರನೆಂದು ವಾಚಕರು ಭಾವಿಸಬಾರದು. ಹದಿನೈದರ ಹರೆಯದಲ್ಲೇ ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಸ್ವಂತ ದೋಣಿ ನಡೆಸಿ, ಇರುಳು ಹೊತ್ತು ಬೇರೆಯವರ ಸಿಂಪಿ ಮಡುಗಳಿಗೆ ಕನ್ನ ಹಾಕಿದವನು ಆತ. ಹದಿನೇಳನೆಯ ವಯಸ್ಸಿಗೆ ಸೀಲ್ ಬೇಟೆಯ ಹಡಗಿನಲ್ಲಿ ಜಪಾನಿನವರೆಗೆ ಹೋಗಿಬಂದಿದ್ದ. 'ಕಾಲ್ ಆಫ್ ದಿ ವೈಲ್ಡ್', 'ಸೀ ವುಲ್ಫ್' ಕೃತಿಗಳಿಂದ ಕೀರ್ತಿಯೂ ಹಣವೂ ಬಂದಿದ್ದುವು. ಗಂಡನಿಗಿಂತ ನಾಲ್ಕು ವರ್ಷ ಹಿರಿಯಳಾದ ಚಾರ್ಮಿಯನ್ ಕುದುರೆ ಸವಾರಿಯಲ್ಲಿ ಗಟ್ಟಿಗಿತ್ತಿ, ಬೆರಳಚ್ಚಿನಲ್ಲಿ ನಿಪುಣೆ. ಅವರು ಒಬ್ಬರನ್ನೊಬ್ಬರು 'ಮೇಟ್' ಎಂದು ಕರೆದುಕೊಳ್ಳುತ್ತಿದ್ದರು. ಇಂಗ್ಲಿಷಿನಲ್ಲಿ ಆ ಒಂದೇ ಪದಕ್ಕೆ ಬಾಳಸಂಗಾತಿಯೆಂದೂ, ಹಡಗಿನ ಜೊತೆಗಾರನೆಂದೂ ಎರಡರ್ಥ. ಎರಡೂ ಅರ್ಥಗಳು ಪರೀಕ್ಷೆಗೆ ಒಳಗಾಗುವ ಕಾಲ ದೂರವಿರಲಿಲ್ಲ.

ಕೂಸಿಗಿಂತ ಮುಂಚಿನ ಕುಲಾವಿ

ನೌಕೆಯನ್ನು ಮೊದಲು ನಲವತ್ತು ಅಡಿ ಉದ್ದಕ್ಕೆ ಯೋಚಿಸಿದ್ದರು. ಅದರಲ್ಲಿ ಬಚ್ಚಲುಮನೆಗೆ ಸ್ಥಳವಿಲ್ಲವೆಂದು ತಿಳಿದುದೇ ತಡ, ಉದ್ದ ನಲವತ್ತೈದು ಅಡಿಗೆ ಏರಿತು! ಈ ಬಚ್ಚಲಿನ ವಿಷಯದಲ್ಲಿ ಜಾಕ್‌ಗೆ ಇದ್ದ ಮೋಹ ಅಷ್ಟಿಷ್ಟಲ್ಲ. ಅದರ ಪಂಪುಗಳು, ಸನ್ನೆಕೋಲುಗಳು, ಕಡಲ ನೀರನ್ನು ಒಳಕ್ಕೆ ಬಿಟ್ಟುಕೊಳ್ಳುವ ಕವಾಟಗಳು ಇವುಗಳನ್ನು ನೆನೆಯುತ್ತಾ ರಾತ್ರಿ ನಿದ್ದೆಗೆಡುತ್ತಿದ್ದನಂತೆ. ಹಾಯಿಗಳಲ್ಲದೆ ಎಪ್ಪತ್ತು ಅಶ್ವಶಕ್ತಿಯ ಎಂಜಿನು ಬೇರೆ. ಅದು ಲಂಗರನ್ನು ಮೇಲೆತ್ತುವುದು, ದೀಪ ಉರಿಸುವುದು, ಗಾಳಿ ಬಿದ್ದುಹೋದಾಗ ನೌಕೆಯನ್ನು ಮುಂದಕ್ಕೊಯ್ಯುವುದು. ಒಂದು ಕಡೆ ತೂತು ಬಿದ್ದರೂ ನೌಕೆ ಮುಳುಗದಂತೆ ನೀರು ನುಗ್ಗದ ನಾಲ್ಕು ಕೋಣೆಗಳು. ಎಲ್ಲಕ್ಕೂ ಮಿಗಿಲಾಗಿ, ನೌಕೆಯ ಮೂತಿ! ಯಾವ ಅಲೆಯೂ ಏರಿಬರಲಾಗದಂತೆ ಕಡೆದ ಆ ಮೂತಿಯ ಚೆಲುವನ್ನು ಬಂದ ಸ್ನೇಹಿತರಿಗೆಲ್ಲ ಜಾಕ್ ತೋರಿಸಿ ತೋರಿಸಿ ಹಿಗ್ಗುತ್ತಿದ್ದ. ಅದನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಅದರ ಪ್ರಸ್ತಾಪ ಬರುತ್ತದೆ.

ನೌಕೆಯ ಬೆನ್ನೆಲುಬಾದ ಕಬ್ಬಿಣದ ಅಡಿದೂಲದ ಕೆಲಸಕ್ಕೆ ಕೈ ಹಚ್ಚಬೇಕೆಂದಿದ್ದ ದಿನಗಳಲ್ಲೇ, 1906ರ ಏಪ್ರಿಲ್ 18ರ ನಸುಕಿನಲ್ಲಿ, ಸ್ಯಾನ್‌ಫ್ರಾನ್ಸಿಸ್ಕೊ ನಗರ ಭೂಕಂಪಕ್ಕೆ ಸಿಕ್ಕಿತು. ಅಳಿದುಳಿದುದನ್ನು ಬೆಂಕಿ ನುಂಗಿತು. ಸುಮಾರು ಮೂರು ಸಾವಿರ ಜನ ಸತ್ತರು. ಜಾಕ್ ದಂಪತಿಗಳು ಅಂದು ರಾತ್ರಿಯಿಡೀ ಉರಿಯುವ ಬೀದಿಗಳಲ್ಲಿ ನಡೆದಾಡಿದರು. ಆತ ಅದನ್ನು ಪತ್ರಿಕೆಗೆ ಬರೆದ ಲೇಖನ ಇಂದಿಗೂ ಓದತಕ್ಕದ್ದು. ಅಂಥ ಮಹಾವಿಪತ್ತಿನ ಎದುರಿಗೆ ಒಂದು ಹಾಯಿದೋಣಿಯ ಗೋಳು ಎಷ್ಟರದು? ಆದರೂ ಕಟ್ಟುವವರಿಗೆ ಕಷ್ಟ ತಪ್ಪಲಿಲ್ಲ. ಊರಿಗೆ ಊರೇ ಮರಳಿ ಏಳಬೇಕಾಗಿದ್ದಾಗ ಬಡಗಿಗಳೂ ಕಮ್ಮಾರರೂ ಎಲ್ಲಿಂದ ದೊರೆತಾರು? ಕೂಲಿ ಏರಿತು, ಮರದ ಬೆಲೆ ಏರಿತು. ನ್ಯೂಯಾರ್ಕಿನಿಂದ ಬರಬೇಕಾದ ಸಾಮಾನು ರೈಲು ನಿಲ್ದಾಣಗಳಲ್ಲಿ ತಿಂಗಳುಗಟ್ಟಲೆ ಕೊಳೆಯಿತು.

ಅಕ್ಟೋಬರ್ 1ರಂದು ಹೊರಡುವೆವೆಂದು ಸಾರಿದ್ದರು. ಅದು ನವೆಂಬರಿಗೆ ಹೋಯಿತು. ನವೆಂಬರು ಡಿಸೆಂಬರಿಗೆ ಹೋಯಿತು. ಹೊಸ ವರ್ಷವೂ ಬಂತು. ಸ್ನೇಹಿತರು ಬೀಳ್ಕೊಡಲು ಬಂದು ಬಂದು ಬೇಸತ್ತು, ಕಡೆಗೆ ಹೊರಡುವ ದಿನದ ಮೇಲೆ ಪಂತ ಕಟ್ಟತೊಡಗಿದರು. ಜಾಕ್‌ನ ಲೆಕ್ಕದಂತೆ ನಲವತ್ತೇಳು ಬಗೆಯ ಕುಶಲಕರ್ಮಿಗಳಿಗೂ ನೂರ ಹದಿನೈದು ಅಂಗಡಿ ಕಾರ್ಖಾನೆಗಳಿಗೂ ಆತ ಹಣ ತೆತ್ತ. ಒಂದು ಪತ್ರಿಕೆಯಂತೂ ತನ್ನ ವೆಚ್ಚದಲ್ಲೇ ಆತ ಲೋಕ ಸುತ್ತಲು ಹೊರಟಿದ್ದಾನೆಂಬ ಭಾವನೆ ಬರುವಂತೆ ಜಾಹೀರಾತು ಹಾಕಿತು. ದೊಡ್ಡವರ ದುಡ್ಡೆಂದು ತಿಳಿದ ವರ್ತಕರು ಪ್ರತಿಯೊಂದಕ್ಕೂ ಬೆಲೆ ಏರಿಸಿದರು. ಮದುವೆ ಮನೆಯೆಂದೊಡನೆ ಹೂವಿನವಳಿಂದ ಹಿಡಿದು ಓಲಗದವರವರೆಗೆ ದರ ಏರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಏಳು ಸಾವಿರದ ಅಂದಾಜು ಕೊನೆಗೆ ಮೂವತ್ತು ಸಾವಿರ ಡಾಲರುಗಳನ್ನು ಮುಟ್ಟಿತು. ಅಂದಿನ ಮೂವತ್ತು ಸಾವಿರವೆಂದರೇನೆಂದು ತಿಳಿಯಬೇಕಾದರೆ ಒಂದು ಹೋಲಿಕೆ ಸಾಕು: 1908ರಲ್ಲಿ ಹೆನ್ರಿ ಫೋರ್ಡ್ ಹೊರತಂದ ಪ್ರಸಿದ್ಧ 'ಮಾಡೆಲ್ ಟಿ' ಕಾರಿನ ಬೆಲೆ 850 ಡಾಲರು. ಸ್ನಾರ್ಕ್‌ನ ಹಣದಿಂದ ಅಂಥ ಮೂವತ್ತೈದು ಕಾರುಗಳನ್ನು ಕೊಳ್ಳಬಹುದಾಗಿತ್ತು. ಇವರಿಗೆ ಸ್ಫೂರ್ತಿಯಾದ ಸ್ಲೋಕಮ್ ಮುದುಕನಾದರೋ ಹದಿಮೂರು ತಿಂಗಳು ತನ್ನ ಕೈಯಾರೆ ದುಡಿದು 'ಸ್ಪ್ರೇ' ನೌಕೆಯನ್ನು ಸಿದ್ಧಪಡಿಸಿಕೊಂಡಿದ್ದ. ಸಾಮಗ್ರಿಗೆ ಬಿದ್ದ ಖರ್ಚು 553 ಡಾಲರು 62 ಸೆಂಟು. ಅವನ ದೋಣಿಯಲ್ಲಿ ಬಚ್ಚಲುಮನೆ ಇರಲಿಲ್ಲವೆಂಬುದನ್ನೂ ಹೇಳಬೇಕು.

ಕೆಸರಿನಲ್ಲಿ ಕೂತ ಸುಂದರಿ

ರಿಪೇರಿಯ ವೇಗಕ್ಕಿಂತ ನೌಕೆ ಮುರಿಯುವ ವೇಗವೇ ಹೆಚ್ಚಾಗಿದೆಯೆಂದು ಕಟ್ಟುವವನೇ ಒಪ್ಪಿಕೊಂಡ ಮೇಲೆ, ಇದ್ದ ಸ್ಥಿತಿಯಲ್ಲೇ ಹೊರಟು ಉಳಿದ ಕೆಲಸವನ್ನು ಹವಾಯಿ ದ್ವೀಪಗಳ ಹೊನಲುಲುವಿನಲ್ಲಿ ಮುಗಿಸಿಕೊಳ್ಳುವುದೆಂದು ಜಾಕ್ ಹಟ ತೊಟ್ಟ. ಆಗ ಶುರುವಾಯಿತು ನಿಜವಾದ ಗ್ರಹಚಾರ. ಮೊದಲು, ಗಾಳಿಯ ಹೊಡೆತಕ್ಕೆ ಎರಡು ದೊಡ್ಡ ಸರಕುದೋಣಿಗಳ ನಡುವೆ ಸಿಕ್ಕಿ ಸ್ನಾರ್ಕ್ ಹಿಂಡಿಹೋಯಿತು. ಒಂದು ಪಕ್ಕೆ ಚಪ್ಪಟೆಯಾಯಿತು, ಇನ್ನೊಂದು ಪಕ್ಕೆ ಉಬ್ಬಿತು. ಆಮೇಲೆ ದಡಕ್ಕೆ ಎಳೆದು ಜಾರುಹಾದಿಯ ಮೇಲೆ ನಿಲ್ಲಿಸಿದ್ದಾಗ ಅದರ ತೊಲೆಗಳು ಅಗಲಿ, ನೌಕೆ ಹಿಂಬದಿ ಮುಂದಾಗಿ ಕೆಸರಿನಲ್ಲಿ ಹೂತುಕೊಂಡಿತು. ಉಬ್ಬರ ಬಂದಾಗಲೆಲ್ಲ, ಹಗಲಿಗೊಮ್ಮೆ ಇರುಳಿಗೊಮ್ಮೆ, ಒಂದು ವಾರ ಕಾಲ ಎರಡು ಉಗಿದೋಣಿಗಳು ಅದನ್ನು ಜಗ್ಗಿದುವು.

ಹೊರಗಿನವರ ಬಲ ಸಾಲದೆಂದು ನೌಕೆಯ ಸ್ವಂತ ಬಲವನ್ನೂ ಕೂಡಿಸಲು ಹೋದರು. ಲಂಗರೆತ್ತುವ ಯಂತ್ರವನ್ನು ತಿರುಗಿಸಿದರು. ಅದರ ಹಲ್ಲುಚಕ್ರಗಳು ಪುಡಿಯಾದುವು. ಎಪ್ಪತ್ತು ಅಶ್ವಶಕ್ತಿಯ ಎಂಜಿನನ್ನು ಹೂಡಿದರು. ದೂರದ ನ್ಯೂಯಾರ್ಕಿನಿಂದ ಬಂದ ಅದರ ಎರಕದ ಪೀಠ ಚೂರುಚೂರಾಗಿ, ಎಂಜಿನು ನೆಗೆದು, ತನಗೆ ಜೋಡಿಸಿದ್ದ ಕೊಳವೆ ಸರಳುಗಳನ್ನೆಲ್ಲ ಹರಿದುಕೊಂಡು ಪಕ್ಕಕ್ಕೆ ಮಗುಚಿತು. ಎಪ್ಪತ್ತು ಕುದುರೆಗಳೂ ಒಮ್ಮೆಗೇ ಕಾಲು ಮುರಿದುಕೊಂಡು ಮಲಗಿದಂತೆ! ಅದನ್ನು ಹಗ್ಗದಿಂದ ಬಿಗಿದು ಕಟ್ಟಿ, ನೌಕೆಯ ತಳಕ್ಕೆ ಬರಿಯ ಭಾರವೆಂದು ಭಾವಿಸಿಕೊಂಡು ಸಾಗಿಸಬೇಕಾಯಿತು.

ಕೊನೆಗೂ 1907ರ ಏಪ್ರಿಲ್ 20, ಶನಿವಾರ, ಪ್ರಯಾಣದ ಮುಹೂರ್ತ ನಿಶ್ಚಯವಾಯಿತು. ಉಳಿದಿದ್ದ ಬಾಕಿಗಳನ್ನು ತೀರಿಸಲೆಂದು ಜಾಕ್ ಚಿನ್ನದ ನಾಣ್ಯಗಳನ್ನೂ ಚೆಕ್ಕಿನ ಪುಸ್ತಕವನ್ನೂ ಹಿಡಿದು ಕಾದಿದ್ದ. ಸಾಲಗಾರನೊಬ್ಬನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಇನ್ನೂರ ಚಿಲ್ಲರೆ ಡಾಲರಿಗಾಗಿ ಆತ ನ್ಯಾಯಾಲಯಕ್ಕೆ ಹೋಗಿ ನೌಕೆಯನ್ನೇ ಜಪ್ತಿ ಮಾಡಿಸಿದ. ಸರಕಾರದ ಅಧಿಕಾರಿ ಬಂದು ಕೂವೆಮರಕ್ಕೆ ನೋಟೀಸು ಅಂಟಿಸಿ, ಕಾವಲಿಗೆ ಒಬ್ಬ ಮುದುಕನನ್ನು ಕೂರಿಸಿ ಹೋದ. ಶನಿವಾರ ಮಧ್ಯಾಹ್ನ, ಜಪ್ತಿ ಬಿಡಿಸಬೇಕಾದ ಅಧಿಕಾರಿಗಳಲ್ಲಿ ಒಬ್ಬರೂ ಊರಿನಲ್ಲಿ ಸಿಕ್ಕಲಿಲ್ಲ. ಮೂವತ್ತು ಸಾವಿರ ಸುರಿದವನು ಇನ್ನೂರಕ್ಕಾಗಿ ಮೂರು ದಿನ ಕಾಯಬೇಕಾಯಿತು. ಮಂಗಳವಾರ, 23ನೆಯ ತಾರೀಖು, ಸ್ನಾರ್ಕ್ ಗೋಲ್ಡನ್ ಗೇಟ್ ಜಲಸಂಧಿಯನ್ನು ದಾಟಿತು.

ನೌಕೆಯಲ್ಲಿದ್ದವರು ಆರು ಜನ. ಜಾಕ್, ಚಾರ್ಮಿಯನ್, ನಾಯಕನ ಪಟ್ಟ ಪಡೆದ ರಾಸ್ಕೋ ಮಾವ. ಎಂಜಿನ್ ನೋಡಿಕೊಳ್ಳಲೆಂದು ಬಂದ ಸ್ಟಾನ್‌ಫರ್ಡ್ ವಿದ್ಯಾರ್ಥಿ ಹರ್ಬರ್ಟ್ ಸ್ಟೋಲ್ಟ್ಸ್, ನೋಡಿಕೊಳ್ಳಲು ಎಂಜಿನೇ ಇಲ್ಲದಂತಾಗಿತ್ತು. ಟೋಚಿಗಿ ಎಂಬ ಜಪಾನೀ ಹುಡುಗ. ಅಡುಗೆಗೆ ಕ್ಯಾನ್ಸಸ್ ಪ್ರಾಂತದ ತರುಣ ಮಾರ್ಟಿನ್ ಜಾನ್ಸನ್. ಈ ಮಾರ್ಟಿನ್‌ಗೆ ಕೆಲಸ ಸಿಕ್ಕಿದ ಬಗೆ ಸ್ವಾರಸ್ಯವಾಗಿದೆ. ಜೊತೆಗೆ ಕರೆದೊಯ್ಯಬೇಕೆಂದು ಬೇಡಿ ಬರೆದ ಅಸಂಖ್ಯ ಜನರಲ್ಲಿ ಅವನೂ ಒಬ್ಬ. ಅಡುಗೆ ಬರುತ್ತದೆಯೇ ಎಂದು ಜಾಕ್ ತಂತಿ ಹೊಡೆದ. ಪರೀಕ್ಷಿಸಿ ನೋಡಬಹುದೆಂದು ಮಾರ್ಟಿನ್ ಮರುತಂತಿ ಹೊಡೆದು, ಆಮೇಲೆ ಹೋಟಲೊಂದರ ಅಡುಗೆಮನೆ ಸೇರಿ ಅಡುಗೆ ಕಲಿತ! ಮುಂದೆ ಇದೇ ಮಾರ್ಟಿನ್ ತನ್ನ ಪತ್ನಿ ಓಸಾಳೊಡನೆ ಆಫ್ರಿಕದ ಕಾಡುಗಳ ಚಲಚ್ಚಿತ್ರ ತೆಗೆದು ಲೋಕಪ್ರಸಿದ್ಧನಾದ.

ಸೋರುವ ಸಂಸಾರ

ಕರೆ ಮರೆಯಾಗುತ್ತಿದ್ದಂತೆ ನೌಕೆ ಸೋರತೊಡಗಿತು. ತಳ ಸೋರಿತು, ಪಕ್ಕೆಗಳು ಸೋರಿದುವು. ಒಳಬಿದ್ದ ನೀರನ್ನು ತಾನಾಗಿಯೇ ಹೊರಹಾಕಬೇಕಾದ ಚುಕ್ಕಾಣಿಯ ಕಟಾಂಜನವೂ ಸೋರಿ, ನೀರನ್ನು ಹೊರಕ್ಕೆ ಕಳಿಸುವ ಬದಲು ಒಳಕ್ಕೆ ಕಳಿಸಿತು. ನೀರು ನುಗ್ಗದ ಕೋಣೆಗಳಲ್ಲಿ ನೀರು ಒಂದರಿಂದ ಇನ್ನೊಂದಕ್ಕೆ ನೆಂಟರ ಮನೆಗೆ ಹೋಗುವಂತೆ ಧಾರಾಳವಾಗಿ ಹೋಗಿಬಂದು ಮಾಡಿತು. ದಿನವೂ ಪಂಪು ಹೊಡೆಯದೆ ಗತಿಯಿರಲಿಲ್ಲ. ಪೆಟ್ರೋಲಿನ ತೊಟ್ಟಿಗಳೂ ಸೋರಿದುವು. ಅತ್ಯುತ್ತಮವೆಂದು ಹೆಚ್ಚಿನ ಬೆಲೆ ಕೊಟ್ಟು ತರಿಸಿದ ಕಬ್ಬಿಣದ ಕೊಂಡಿಗಳು, ಹಾಯಿ ಕುಗ್ಗಿಸುವ ಸಲಕರಣೆಗಳು, ಬೇಕಾದ ಹೊತ್ತಿಗೆ ಸರಿಯಾಗಿ ಒಣಸೌದೆಯಂತೆ ಮುರಿದುವು.

ಆ ಬಚ್ಚಲುಮನೆ? ಅದು ಒಂದು ದಿನವನ್ನೂ ಪೂರೈಸಲಿಲ್ಲ. ಸನ್ನೆಕೋಲು ಕೈಗೆ ಬಂತು, ಪಂಪು ನಿಂತಿತು, ಕವಾಟಗಳು ಕೆಟ್ಟುವು. ನಿದ್ದೆಗೆಟ್ಟು ಕನಸು ಕಂಡದ್ದು ಇಪ್ಪತ್ತನಾಲ್ಕು ಗಂಟೆಯೊಳಗೆ ಮುಗಿಯಿತು. ನಾವು ಬಾಡಿಗೆಗಿರುವ ಮನೆಯ ಬಚ್ಚಲಿನ ನಲ್ಲಿ ಮೂರು ತಿಂಗಳಿಂದ ತೊಟ್ಟಿಕ್ಕುತ್ತಿರುವುದನ್ನು ಮನೆಯ ಯಜಮಾನರಿಗೆ ನಾನು ಹೇಳುತ್ತಲೇ ಇದ್ದೇನೆ. ಈ ಭಾಗವನ್ನು ಓದಿ ಹೇಳಿದಾಗ ನನ್ನಾಕೆ, ಮೂವತ್ತು ಸಾವಿರ ಕೊಟ್ಟವರ ಗತಿಯೇ ಹೀಗಾದ ಮೇಲೆ ನಮ್ಮದೇನು ಮಹಾ ಎಂದು ಸಮಾಧಾನ ತಂದುಕೊಂಡಳು.

ಉಗ್ರಾಣದ ಪಾಡು ಇನ್ನೂ ಕರುಣಾಜನಕ. ಕಿತ್ತಳೆ ಹಣ್ಣುಗಳು ಕೊಳ್ಳುವ ಮೊದಲೇ ಹಿಮಕ್ಕೆ ಸಿಕ್ಕಿ ಕೆಟ್ಟಿದ್ದುವು. ಸೇಬು ಮೆತ್ತಗಾಗಿ ಕೊಳೆಯುತ್ತಿತ್ತು. ಎಲೆಕೋಸಿನ ಪೆಟ್ಟಿಗೆ ನಾತ ಬಡಿದು ಇಡಿಯಾಗಿ ಸಮುದ್ರದ ಪಾಲಾಯಿತು. ಕ್ಯಾರೆಟ್ಟಿನ ಮೇಲೆ ಸೀಮೆಎಣ್ಣೆ ಚೆಲ್ಲಿತ್ತು. ಟರ್ನಿಪ್ ಗಡ್ಡೆ ಕಟ್ಟಿಗೆಯಾಗಿತ್ತು. ಕಟ್ಟಿಗೆಯೋ, ಉರಿಯಲೊಲ್ಲದು! ಕಲ್ಲಿದ್ದಲನ್ನು ತುಂಬಿದ್ದ ಹಳೆಯ ಆಲೂಗಡ್ಡೆಯ ಗೋಣಿಗಳು ಹರಿದು, ಅದು ಅಟ್ಟದ ಮೇಲೆಲ್ಲ ಹರಡಿ, ಅಲೆಯ ನೀರಿನೊಡನೆ ತೂಬುಗಳಲ್ಲಿ ಹರಿದುಹೋಯಿತು. ಊಟಕ್ಕೆ ಏಳುವವರಾದರೂ ಎಷ್ಟು ಮಂದಿ? ಕಡಲ ವಾಂತಿ ಅವರನ್ನು ಹಿಡಿದು ಹಿಂಡಿತು; ಟೋಚಿಗಿಯಂತೂ ಹಾಸಿಗೆ ಬಿಟ್ಟೇಳಲಿಲ್ಲ. ಚಾರ್ಮಿಯನ್ ತನ್ನ ಪಾಳಿ ಬಂದಾಗ ಗಂಡಸರಂತೆಯೇ ಚುಕ್ಕಾಣಿ ಹಿಡಿದು ನಿಂತಳು. ಜಾಕ್ ದಿನಕ್ಕೆ ಸಾವಿರ ಶಬ್ದ ಬರೆಯುವ ತನ್ನ ನಿಯಮವನ್ನು ಬಿಡದಿರಲು ಹೆಣಗಿದ. ಸಾಲ ತೀರಬೇಕಾದರೆ ಬರೆಯಲೇಬೇಕಿತ್ತು.

ಗಾಳಿಗೆ ಮುಖ ಕೊಡದ ಮೂತಿ

ಇದೆಲ್ಲ ನಗುತ್ತಾ ಹೇಳಬಹುದಾದ ಮಾತಾಯಿತು. ನಗಲಾಗದ ಒಂದು ರಾತ್ರಿಯೂ ಬಂತು. ಗಾಳಿ ಹೆಚ್ಚಿದಾಗ ಹಾಯಿಹಡಗಿನವರು ಮಾಡುವ ಒಂದು ಉಪಾಯವಿದೆ. ಹಾಯಿಗಳನ್ನು ಕುಗ್ಗಿಸಿ, ನೌಕೆಯ ಮೂತಿ ಗಾಳಿಗೆ ಓರೆಯಾಗಿ ನಿಲ್ಲುವಂತೆ ಮಾಡಿ, ಬರುವ ಅಲೆಗಳನ್ನು ಮೂತಿಯಿಂದ ಸೀಳುತ್ತಾ, ನಿಂತಲ್ಲೇ ತೇಲುತ್ತಾ ಹೊತ್ತು ಕಳೆಯುತ್ತಾರೆ. ಹಾಗೆ ನಿಲ್ಲದೆ ನೌಕೆ ಅಡ್ಡಬಿದ್ದರೆ ಎರಡು ಅಲೆಗಳ ನಡುವಣ ಕಣಿವೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಪ್ರತಿ ಅಲೆಯೂ ಅದರ ಪಕ್ಕೆಗೆ ಹೊಡೆಯುತ್ತದೆ. ಒಂದು ದೊಡ್ಡ ಅಲೆ ಸಾಕು, ಮಗುಚಿಹಾಕಲು.

ಸ್ನಾರ್ಕ್ ನಿಲ್ಲಲಿಲ್ಲ. ಆ ಚೆಲುವಾದ ಮೂತಿ ಗಾಳಿಗೆ ಮುಖ ಕೊಡಲೊಲ್ಲದೆ ಹೋಯಿತು. ಹಾಯಿಗಳನ್ನು ಒಂದೊಂದಾಗಿ ಇಳಿಸಿ, ಕುಗ್ಗಿಸಿ, ಹಿಂದಣ ಕೂವೆಯ ಹಾಯಿಯನ್ನು ಮಾತ್ರ ಬಿಗಿಹಿಡಿದು ನೋಡಿದರು. ಬಿರುಗಾಳಿಗೆಂದೇ ಇಟ್ಟಿದ್ದ ಕಿರುಹಾಯಿಯನ್ನು ಏರಿಸಿ ನೋಡಿದರು. ನೀರಿನಲ್ಲಿ ಬಿಟ್ಟರೆ ಮೂತಿಯನ್ನು ಗಾಳಿಯತ್ತ ಎಳೆದು ನಿಲ್ಲಿಸಬೇಕಾದ ತೇಲು ಲಂಗರನ್ನೂ ಬಿಟ್ಟು ನೋಡಿದರು. ಯಾವುದಕ್ಕೂ ಅದು ಒಗ್ಗಲಿಲ್ಲ. ಮತ್ತೆ ಮತ್ತೆ ಅಲೆಗಳಿಗೆ ಅಡ್ಡವಾಗಿ ಬಿದ್ದು ಹೊರಳಾಡಿತು. ನಮ್ಮ ಕಾವೇರಿಯ ಹರಿಗೋಲಿಗೆ ಮೂತಿಯೂ ಇಲ್ಲ, ಹಿಂಬದಿಯೂ ಇಲ್ಲ. ಸುತ್ತುವುದೇ ಅದರ ಧರ್ಮ, ಅಂಬಿಗನೂ ಅದನ್ನು ಅರಿತೇ ಹುಟ್ಟು ಹಾಕುತ್ತಾನೆ. ಆದರೆ ಕಣ್ಣಾರೆ ಕಡೆಸಿದ ಮೂತಿಯೇ ಇಂಥ ಹೊತ್ತಿನಲ್ಲಿ ಕೈಬಿಟ್ಟರೆ?

ನಡುರಾತ್ರಿ ಕಳೆದ ಮೇಲೆ, ಕತ್ತಲಲ್ಲಿ ತೊಯ್ದು ನಿಂತು, ಜಾಕ್ ಏನು ಯೋಚಿಸಿರಬಹುದು? ಊರಿನವರ ಹಾಸ್ಯವೆಲ್ಲ ನಿಜವಾಗುವ ಸ್ಥಿತಿ. ತನ್ನ ಮಾತನ್ನು ನಂಬಿ ಮನೆಮಠ ಬಿಟ್ಟು ಬಂದ ಹೆಂಡತಿ, ಇನ್ನೂ ಮೀಸೆ ಬಲಿಯದ ಹುಡುಗರು, ಸೋರುವ ಹಲಗೆಗಳ ಮೇಲೆ ಇದ್ದಾರೆ. ಜೀವರಕ್ಷಣೆಗೆಂದು ತಂದ ಸಣ್ಣ ದೋಣಿಯೂ ಸೋರುವಂಥದೇ. ಕಡೆಗೆ ಗಾಳಿಯೊಡನೆ ಹಟ ಮಾಡುವುದನ್ನು ಬಿಟ್ಟು, ಅದು ಬೀಸಿದತ್ತ ನೌಕೆಯನ್ನು ಓಡಗೊಟ್ಟರು. ಅದೃಷ್ಟಕ್ಕೆ ಗಾಳಿ ಇನ್ನೂ ಹೆಚ್ಚಲಿಲ್ಲ. ಬೆಳಗಾಯಿತು. ಈ ಪ್ರಸಂಗವನ್ನು ಆತ ತನ್ನ ಪುಸ್ತಕದಲ್ಲಿ ನಗೆಯಾಡುತ್ತಲೇ ಬರೆದಿದ್ದಾನೆ. ಆದರೆ ಮೂತಿಯ ಮಾತು ಬಂದಾಗಲೆಲ್ಲ ಆ ನಗೆಯ ಅಡಿಯಲ್ಲಿ ಮೋಸಹೋದವನ ನೋವು ಕೇಳಿಸುತ್ತದೆಂದು ನನ್ನ ಅಭಿಪ್ರಾಯ.

ದಾರಿ ತೋರಿಸಬೇಕಾದ ರಾಸ್ಕೋ ಮಾವನ ವಿಷಯವನ್ನು ಒಂದಿಷ್ಟು ಹೇಳದಿದ್ದರೆ ಕಥೆ ಅಪೂರ್ಣ. ಸೂರ್ಯನ ಎತ್ತರವನ್ನು ಅಳೆದು ನೌಕೆಯಿರುವ ಸ್ಥಾನವನ್ನು ಲೆಕ್ಕ ಹಾಕುವ ವಿದ್ಯೆಯನ್ನು ಹೊರಡುವ ಮೊದಲು ಕಲಿಯಲು ಅವನಿಗೆ ಪುರುಸೊತ್ತು ಸಿಕ್ಕಿರಲಿಲ್ಲ. ಅದೂ ಹೋಗಲಿ, ನಾವೆಲ್ಲ ಭೂಮಿಯೆಂಬ ಗೋಳದ ಹೊರಮೈ ಮೇಲಲ್ಲ, ಒಳಮೈಯಲ್ಲಿ ವಾಸವಾಗಿದ್ದೇವೆಂದು ಬೋಧಿಸಿದ ಸೈರಸ್ ಟೀಡ್ ಎಂಬವನ ಅನುಯಾಯಿ ಆತ! ಭೂಮಿಯ ಆಕಾರದಲ್ಲೇ ಭಿನ್ನಾಭಿಪ್ರಾಯವಿದ್ದವರು ಒಂದೇ ನಕ್ಷೆಯನ್ನು ಹಿಡಿದು ಒಂದೇ ನೌಕೆಯಲ್ಲಿ ಹೊರಟಿದ್ದರು. ಪುಸ್ತಕ ನೋಡಿ ಲೆಕ್ಕ ಕಲಿತ ಮೇಲೆ ರಾಸ್ಕೋವಿನ ನಡೆನುಡಿಯೇ ಬದಲಾಯಿತಂತೆ. ಗರ್ಭಗುಡಿಯ ರಹಸ್ಯ ಬಲ್ಲವನ ಗಾಂಭೀರ್ಯ ಬಂತು. ಇದನ್ನು ಕಂಡು ಜಾಕ್ ತಾನೂ ಅದೇ ಪುಸ್ತಕಗಳನ್ನು ಹಿಡಿದು ಕುಳಿತ. ಜೋಡಿಸಿಟ್ಟ ಕೋಷ್ಟಕಗಳು, ಕೂಡುವುದು, ಕಳೆಯುವುದು, ಇಷ್ಟೇ! ಅಷ್ಟು ಬೇಗ ಕೈವಶವಾದ ವಿದ್ಯೆಯನ್ನು ಮಂತ್ರವೆಂಬಂತೆ ಮುಚ್ಚಿಡುವವರ ಬಗೆಗೆ ಅವನಿಗೆ ನಗು ಬಂತು. ಆದರೆ ತಾನೂ ಒಂದೆರಡು ದಿನ ಅದೇ ಗತ್ತಿನಿಂದ ತಿರುಗಾಡಿದೆನೆಂದು ಒಪ್ಪಿಕೊಳ್ಳುವಷ್ಟು ಪ್ರಾಮಾಣಿಕ ಆತ. "ದೇಶ ಸುತ್ತು, ಇಲ್ಲವೇ ಕೋಶ ಓದು" ಎನ್ನುತ್ತಾರೆ ನಮ್ಮವರು. ಜಾಕ್ ಕೋಶ ಓದುತ್ತಲೇ ದೇಶ ಸುತ್ತಿದ.

ಇಪ್ಪತ್ತೇಳು ದಿನಗಳ ಮೇಲೆ, ಹವಾಯಿಯ ಹಲಿಯಾಕಲ ಪರ್ವತದ ನೆತ್ತಿಯನ್ನು ಮೋಡಗಳ ಮೇಲೆ ಕಂಡು, ಸ್ನಾರ್ಕ್ ಹೊನಲುಲುವನ್ನು ಹಾದು ಪರ್ಲ್ ಹಾರ್ಬರ್ ಸೇರಿತು. ಎದುರುಗೊಳ್ಳಲು ಬಂದವರು ಕೈಗಿತ್ತ ವೃತ್ತಪತ್ರಿಕೆಯಲ್ಲಿ ಸ್ನಾರ್ಕ್ ಕಡಲಲ್ಲಿ ಮುಳುಗಿ ಎಲ್ಲರೂ ಸತ್ತರೆಂಬ ಸುದ್ದಿಯಿತ್ತು. ಅದು ಮೊದಲೇ ಸಮುದ್ರಯಾನಕ್ಕೆ ತಕ್ಕ ನೌಕೆಯಾಗಿರಲಿಲ್ಲವೆಂಬ ಟಿಪ್ಪಣಿಯೂ ಇತ್ತು. ತಮ್ಮ ಮರಣವಾರ್ತೆಯನ್ನು ತಾವೇ ಓದುವ ಯೋಗ ಎಷ್ಟು ಜನಕ್ಕೆ ಬರುತ್ತದೆ! ದಡ ಹತ್ತಿದ ಮೇಲೂ ನೆಲ ತೂಗಾಡುತ್ತಿರುವಂತೆಯೇ ಅವರಿಗೆ ಭಾಸವಾಯಿತು.

ಹವಾಯಿಯಲ್ಲಿ ಕೆಲವು ವಾರಗಳ ರಿಪೇರಿಯೆಂದುಕೊಂಡದ್ದು ತಿಂಗಳುಗಳನ್ನು ನುಂಗಿತು. ರಾಸ್ಕೋ, ಸ್ಟೋ‌ಲ್ಟ್ಸ್, ಟೋಚಿಗಿ ಮೂವರೂ ಅಲ್ಲಿಗೆ ನೌಕೆಯನ್ನು ಬಿಟ್ಟರು. ಮೊದಲ ತಂಡದಿಂದ ಕಡೆಯವರೆಗೆ ಉಳಿದವರು ಗಂಡಹೆಂಡಿರೂ ಅಡುಗೆ ಬಾರದೆ ಅಡುಗೆಯವನಾದ ಮಾರ್ಟಿನ್ನನೂ ಮಾತ್ರ. ಅಕ್ಟೋಬರ್ 7ರಂದು ಹಿಲೋ ಬಂದರಿನಿಂದ ಅವರು ಮಾರ್ಕೇಸಸ್ ದ್ವೀಪಗಳಿಗೆ ಹೊರಟರು. ಆ ಮಾರ್ಗದಲ್ಲಿ ಹಾಯಿಹಡಗು ಹೋಗುವುದು ಬಲು ಕಷ್ಟವೆಂದು ನಾವಿಕರ ಕೈಪಿಡಿಗಳು ಎಚ್ಚರಿಸಿದ್ದುವು. ನಲವತ್ತಮೂರನೆಯ ದಿನ, ನಡುಕಡಲಿನಲ್ಲಿ, ಯಾರೋ ಇರುಳು ನಲ್ಲಿಯನ್ನು ತಿರುಗಿಸಿ ಬಿಟ್ಟುಬಿಟ್ಟಿದ್ದರಿಂದ ಉಳಿದಿದ್ದ ಕುಡಿಯುವ ನೀರಿನಲ್ಲಿ ಅರ್ಧ ಹರಿದುಹೋದುದು ಗೊತ್ತಾಯಿತು. ತೊಟ್ಟಿಗೆ ಬೀಗ ಹಾಕಿ, ದಿನಕ್ಕೆ ತಲೆಗೆ ಸುಮಾರು ಒಂದು ಲೀಟರಿನಂತೆ ಅಳೆದು ಹಂಚಿದರು. ಸುತ್ತ ಎತ್ತ ನೋಡಿದರೂ ನೀರು, ನಾಲಗೆ ಒಣಗಿತ್ತು. ಮಳೆಮೋಡಗಳು ಬಳಿ ಬಂದು ಬಂದು ಪಕ್ಕದಲ್ಲೇ ಸುರಿದು ಹೋದುವು. ಕೊನೆಗೊಮ್ಮೆ ಮಳೆ ನೌಕೆಯ ಮೇಲೆಯೇ ಸುರಿದಾಗ, ಕಟ್ಟಿದ ಬಟ್ಟೆಯಿಂದಿಳಿದ ನೀರು ತೊಟ್ಟಿಗಳನ್ನು ತುಂಬಿತು. ಅರವತ್ತು ದಿನಗಳ ಮೇಲೆ, ಡಿಸೆಂಬರ್ 6ರಂದು, ನೂಕುಹೀವ ದ್ವೀಪದ ಕಪ್ಪು ಬೆಟ್ಟಗಳು ಕಂಡುವು.

ಮುಂದೆ ತಾಹಿತಿ, ಸಮೋವ, ಫೀಜಿ, ಸಾಲಮನ್ ದ್ವೀಪಗಳು. ಅಷ್ಟರಲ್ಲಿ ನೌಕೆ ಪಳಗಿತ್ತು. ಕೆಟ್ಟದ್ದು ಜಾಕ್‌ನ ಶರೀರ. ಮೈಯಲ್ಲೆಲ್ಲ ಮಾಯದ ಹುಣ್ಣುಗಳು, ಕೈಗಳು ಬಾತು ಚರ್ಮ ಸುಲಿಯುವ ವ್ಯಾಧಿ, ಇದಲ್ಲದೆ ಶಸ್ತ್ರಚಿಕಿತ್ಸೆ ಬೇಡುವ ಇನ್ನೊಂದು ರೋಗ. 1908ರ ನವೆಂಬರಿನಲ್ಲಿ ಆತ ಆಸ್ಟ್ರೇಲಿಯದ ಸಿಡ್ನಿಯ ಆಸ್ಪತ್ರೆ ಸೇರಿದ. ಏಳು ವರ್ಷಗಳ ಪ್ರವಾಸ ಎರಡು ವರ್ಷ ತುಂಬುವ ಮೊದಲೇ ಮುಗಿಯಿತು. ಮೂವತ್ತು ಸಾವಿರದ ಸ್ನಾರ್ಕ್, ಮೂರು ಸಾವಿರದ ಆಸುಪಾಸಿನ ಬೆಲೆಗೆ ಮಾರಿಹೋಯಿತು.

ಊರಿಗೆ ಮರಳಲೇಬೇಕೆಂಬ ತೀರ್ಮಾನವನ್ನು ಜಾಕ್ ಆಸ್ಪತ್ರೆಯ ಹಾಸಿಗೆಯಿಂದಲೇ ಹೆಂಡತಿಗೆ ತಿಳಿಸಿದ. ಕಡಲ ವಾಂತಿ, ಕೊಳೆತ ಕೋಸು, ಕೆಟ್ಟ ಬಚ್ಚಲು, ಗಾಳಿಗೆ ಅಡ್ಡಬಿದ್ದ ಆ ರಾತ್ರಿ, ಅಳೆದು ಕುಡಿದ ನೀರು, ಎಲ್ಲವನ್ನೂ ಕಣ್ಣಲ್ಲಿ ಹನಿ ತಾರದೆ ಸಹಿಸಿದ ಹೆಣ್ಣು ಆಕೆ. ಇನ್ನಾದರೂ ಗಟ್ಟಿನೆಲ ಸಿಕ್ಕಿತೆಂದು ನಿಟ್ಟುಸಿರು ಬಿಡುವಳೆಂದು ಯಾರಾದರೂ ಭಾವಿಸಬಹುದಾಗಿತ್ತು. ಚಾರ್ಮಿಯನ್‌ಳ ಕಣ್ಣುಗಳು ತುಂಬಿಬಂದುವು. ಅಷ್ಟು ಸುಖದ ಪ್ರಯಾಣ ಮುಗಿದುಹೋಯಿತಲ್ಲಾ ಎಂದು ಎರಡು ದಿನ ಆಕೆ ಚೇತರಿಸಿಕೊಳ್ಳಲಿಲ್ಲ.